ಹನ್ನೆರಡನೇ ಹೆಸರು

ಮಗಳು ತೀರಿಕೊಂಡು ಆರು ವಾರವಾದರೂ ಕಾಲೇಜಿನವರು ಅವಳಿಗೆ ಕಾಗದ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಮೊದಲ ಎರಡನ್ನು ನಾಡೀನ್ ಒಡೆಯದೆಯೇ ಬ್ರೆಡ್ಡಿನ ಡಬ್ಬಿಯ ಅಡಿಗೆ ತಳ್ಳಿದ್ದಳು. ಮೂರನೆಯದು ಮಂಗಳವಾರ ಅವಳ ಗಂಡ ವರ್ಲನ್ ಸ್ಟ್ಯಾಂಪರನ ಕೈಗೇ ಸಿಕ್ಕಿತು. ಸ್ಕೂಲ್ ಬಸ್ಸಿನ ಬೆಳಗಿನ ಸುತ್ತು ಮುಗಿಸಿ ಬಂದವನು ಗೇಟಿನ ಬಳಿ ನಿಂತೇ ಓದಿದ. ಪ್ರಿಯ ಕೇಲಿನ್, ಸೋಮವಾರ ಸಂಜೆ ಆರಕ್ಕೆ ನಿಮ್ಮ ಅನಾಟಮಿ ತರಗತಿ ಶುರು, ಪುಸ್ತಕ ಮರೆಯಬೇಡಿ, ನಿಮಗಾಗಿ ಕಾಯುತ್ತಿದ್ದೇವೆ.

ವರ್ಲನ್‌ಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಜುಲೈನಲ್ಲಿ ಹೊಳೆಯ ತಿರುವಿನಲ್ಲಿ ಮರದ ದಿಮ್ಮಿ ಹೊತ್ತ ಲಾರಿ ಮಗಳ ಕಾರಿಗೆ ಗುದ್ದಿದ ದಿನದಿಂದ ಅವನಿಗೆ ಏನೂ ಬರುತ್ತಿರಲಿಲ್ಲ. ಬಸ್ಸಿನ ಕನ್ನಡಿ ಒರೆಸುತ್ತಿದ್ದ, ತಟ್ಟೆಗೆ ಬಿದ್ದದ್ದನ್ನು ತಿನ್ನುತ್ತಿದ್ದ, ಮಲಗುತ್ತಿದ್ದ. ಸಾವಿನ ಮನೆಗೆಂದು ನೆರೆಯವರು ಊಟ ತುಂಬಿ ತಂದುಕೊಟ್ಟ ಪಾತ್ರೆಗಳು ಇನ್ನೂ ಅಡುಗೆಮನೆಯಲ್ಲೇ ಪೇರಿಕೊಂಡಿದ್ದವು, ತಳದಲ್ಲಿ ಅವರವರ ಹೆಸರು ಅಂಟಿಸಿಕೊಂಡು. ಅವನ್ನು ಹಿಂದಿರುಗಿಸಬೇಕು ಅಂತ ಗಂಡಹೆಂಡತಿ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಮುಟ್ಟಿರಲಿಲ್ಲ.

ಕಾಗದ ಜೇಬಿಗಿಟ್ಟುಕೊಂಡು ಅವನು ನೇರ ಕಾಲೇಜಿಗೆ ಹೋದ.

ಅವರೂರು ಬಕ್‌ಲಿಕ್‌ನ ಕಾಲೇಜು ಎಂದರೆ ಬಾಗಿಲು ಹಾಕಿಕೊಂಡು ಹೋದ ದಿನಸಿ ಅಂಗಡಿಯೇ. ಕೆಂಟಕಿಯ ಈ ಮೂಲೆಯ ಕಣಿವೆಗಳವರಿಗೂ ಓದು ಎಟುಕಲಿ ಎಂದು ಸರ್ಕಾರ ಅದಕ್ಕೆ ಸುಣ್ಣ ಬಳಿದು, ಎಪ್ಪತ್ತು ಮೈಲಿ ದೂರದ ದೊಡ್ಡ ಕಾಲೇಜಿನ ಶಾಖೆ ಮಾಡಿತ್ತು. ಮಾಂಸ ಕತ್ತರಿಸುತ್ತಿದ್ದ ಜಾಗದಲ್ಲಿ ಈಗ ದಾಖಲಾತಿಯ ಕಿಟಕಿ. ಹೆಸರುವಾಸಿ ಕಾಲೇಜುಗಳು ತಾವು ಎಷ್ಟು ಜನರನ್ನು ಹೊರಗಿಟ್ಟೆವು ಎಂದು ಜಂಬ ಕೊಚ್ಚಿಕೊಳ್ಳುತ್ತವೆ. ಇಲ್ಲಿ ಬಂದವರನ್ನು ಹೊರಗೆ ಕಳಿಸುವ ಪದ್ಧತಿಯೇ ಇಲ್ಲ. ಗಣಿ ಮುಚ್ಚಿದ ವರ್ಷ ವರ್ಲನ್ ಕೂಡ ಹತ್ತನೇ ಕ್ಲಾಸಿಗೆ ಬಿಟ್ಟ ಓದನ್ನು ಇಲ್ಲೇ ಪೂರೈಸಿದ್ದ, ಬಸ್ಸಿನ ಕೆಲಸಕ್ಕೆ ಆ ಪ್ರಮಾಣಪತ್ರ ಬೇಕಿತ್ತು. ಆಗ ಹನ್ನೊಂದು ವರ್ಷದ ಕೇಲಿನ್ ಊಟದ ಮೇಜಿನ ಮೇಲೆ ಬೀನ್ಸ್ ಕಾಳು ಹರಡಿ ಅಪ್ಪನಿಗೆ ಭಿನ್ನರಾಶಿ ಹೇಳಿಕೊಟ್ಟಿದ್ದಳು.

ಕಿಟಕಿಯಲ್ಲಿ ಕೂತಿದ್ದವಳು ವಿಲ್ಮಾ ಫ್ಯೂಗೇಟ್, ಅವನ ಜೊತೆಗೇ ಶಾಲೆಗೆ ಹೋದವಳು.

"ಕೇಲಿನ್ ಹೆಸರು ತೆಗೆದುಬಿಡು, ವಿಲ್ಮಾ. ಕಾಗದ ಬರೋದು ನಿಂತ್ರೆ ಸಾಕು."

ವಿಲ್ಮಾ ಕಂಪ್ಯೂಟರ್ ತೆರೆದಳು. ಹೆಸರು ಸಿಕ್ಕಿತು. ಆಮೇಲೆ ಅವಳ ಕೈ ಅಲ್ಲೇ ನಿಂತಿತು.

"ಮುಂದಿನ ತಿಂಗಳು ತೆಗೆದ್ರೆ ಆಗುತ್ತಾ?"

"ಇವತ್ತೇನಾಗಿದೆ?"

ಅವಳು ಪರದೆ ನೋಡಿಕೊಂಡೇ ಹೇಳಿದಳು. "ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಕಾಲೇಜಿನೋರು ಪಟ್ಟಿ ಎಣಿಸ್ತಾರೆ. ಕ್ಲಾಸು ಶುರುವಾಗಿ ಎರಡು ವಾರಕ್ಕೆ ಇನ್ನೊಂದ್ಸಲ. ಹನ್ನೆರಡು ಜನ ಇದ್ರೆ ಕ್ಲಾಸು, ಹನ್ನೊಂದಾದ್ರೆ ರದ್ದು. ಕೇಲಿನ್‌ನೂ ಸೇರಿಸಿ ಹನ್ನೆರಡಿದೆ, ವರ್ಲನ್."

ಉಳಿದದ್ದನ್ನು ಅವಳು ತಗ್ಗಿದ ದನಿಯಲ್ಲಿ ಹೇಳಿದಳು. ಈ ಪಾಠ ಮುಗಿಸದೆ ನರ್ಸಿಂಗಿಗೆ ಅರ್ಜಿ ಹಾಕುವಂತಿಲ್ಲ. ಇಲ್ಲಿ ತಪ್ಪಿದರೆ ಎಪ್ಪತ್ತು ಮೈಲಿ ಹೋಗಬೇಕು, ಇಲ್ಲವೇ ಒಂದು ವರ್ಷ ಕಾಯಬೇಕು. ನಾಲ್ಕು ದಿನದಿಂದ ಊರಿಗೆಲ್ಲ ಫೋನ್ ಮಾಡಿದರೂ ಇನ್ನೊಬ್ಬರು ಸಿಕ್ಕಿರಲಿಲ್ಲ. ಆ ಹನ್ನೊಂದು ಜನರಲ್ಲಿ ಟ್ಯಾನ್ಸಿ ರಿಚಿಯೂ ಇದ್ದಳು. ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯುವ ಟ್ಯಾನ್ಸಿ ಹೋದ ವರ್ಷವೆಲ್ಲ ಕೇಲಿನ್ ಕಾರಿನಲ್ಲೇ ಕಾಲೇಜಿಗೆ ಬರುತ್ತಿದ್ದಳು. ಅವಳ ಮೂರು ಮಕ್ಕಳು ವರ್ಲನ್‌ನ ಬಸ್ಸಿನಲ್ಲಿ ಮುಂದಿನ ಸೀಟಿನವರು.

"ಹೆಸರು ಸುಮ್ನೆ ಇರಲಿ ಬಿಡು. ಕಂಪ್ಯೂಟರಿಗೆ ಸತ್ತೋರು ಬದುಕಿರೋರು ಅಂತ ಗೊತ್ತಾಗಲ್ಲ," ಎಂದಳು ವಿಲ್ಮಾ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

ಪರವಾಗಿಲ್ಲ, ನಾಡೀನ್‌ನ ಕೇಳಿ ಹೇಳುತ್ತೇನೆ ಎಂದು ವರ್ಲನ್ ಹೊರಟ. ನಿಜಕ್ಕೂ ಅವನಿಗೆ ಏನೂ ಅನ್ನಿಸಿರಲಿಲ್ಲ. ಬೇರೆ ಯಾರದೋ ಮನೆಯ ವಿಷಯ ಕೇಳಿದ ಹಾಗಿತ್ತು.

ಸಂಜೆ ಅವನು ಹೇಳಿದ್ದನ್ನೆಲ್ಲ ನಾಡೀನ್ ಬೆನ್ನು ತಿರುಗಿಸಿಕೊಂಡೇ ಕೇಳಿದಳು. ಕೈಯಲ್ಲಿದ್ದ ತಟ್ಟೆಯನ್ನು ಎರಡೆರಡು ಸಲ ಒರೆಸಿದಳು.

"ಸೋಮವಾರ ಹಾಜರಿ ಕೂಗ್ತಾರಲ್ಲ," ಎಂದಳು. "ಅವಳು ಇರಲ್ಲ. ಗೈರುಹಾಜರಿ ಅಂತ ಬರೀತಾರೆ. ಎರಡು ವಾರ ದಿನಾ ಬರೀತಾರೆ. ಜ್ವರ ಬಂದ್ರೂ ಕ್ಲಾಸು ತಪ್ಪಿಸಿದೋಳಲ್ಲ ಅವಳು. ಬೇಡ ವರ್ಲನ್, ತೆಗೆಸು."

ತೆಗೆಸುತ್ತೇನೆ ಎಂದ. ಟ್ಯಾನ್ಸಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಬುಧವಾರ ಬೆಳಿಗ್ಗೆ ಬಸ್ಸು ಹತ್ತಿದ ಟ್ಯಾನ್ಸಿಯ ಹಿರಿಮಗಳು ಒಂದು ಸುದ್ದಿ ತಂದಿದ್ದಳು. ಅಮ್ಮ ಫ್ರಿಜ್ಜಿನ ಬಾಗಿಲಿಗೆ ಎಲುಬುಗೂಡಿನ ಚಿತ್ರ ಅಂಟಿಸಿದ್ದಾಳೆ, ಹಾಲು ತೆಗೆಯಬೇಕಾದರೆ ಒಂದು ಎಲುಬಿನ ಹೆಸರು ಹೇಳಬೇಕಂತೆ. ತಮ್ಮನಿಗೆ ಒಂದೂ ಬರದೆ ಇವತ್ತು ಕಾಫಿ ಬಣ್ಣದ ನೀರು ಕುಡಿದು ಬಂದಿದ್ದಾನೆ. ಬಸ್ಸೆಲ್ಲ ನಕ್ಕಿತು. ವರ್ಲನ್ ಕನ್ನಡಿಯಲ್ಲಿ ಆ ಮೂವರನ್ನೂ ನೋಡಿದ, ಗೇರ್ ಹಾಕಿದ.

ಹನ್ನೊಂದೂವರೆಗೆ ಕಿಟಕಿಯ ಮುಂದೆ ನಿಂತು ಮಗಳ ಮರಣ ಪ್ರಮಾಣಪತ್ರವನ್ನು ವಿಲ್ಮಾಳ ಕೈಗೆ ಕೊಟ್ಟ. ಸಾವಿನ ಕಾರಣ ಎಂಬಲ್ಲಿ ಎರಡು ಸಾಲು ವೈದ್ಯರ ಪದಗಳಿದ್ದವು. ಸ್ಟರ್ನಮ್ ಎಂದು ಒಂದಿತ್ತು. ಅದೇನು ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ ಎಂಬ ಭಯ ಇತ್ತು.

ವಿಲ್ಮಾ ಹೆಸರು ತೆಗೆದಳು. ಪರದೆಯ ಮೂಲೆಯಲ್ಲಿ ಹನ್ನೆರಡು ಇದ್ದದ್ದು ಹನ್ನೊಂದಾಯಿತು.

"ಈಗ ಒಂದು ಅರ್ಜಿ ಕೊಡು," ಎಂದ ವರ್ಲನ್.

"ಯಾರಿಗೆ?"

"ನನಗೆ."

ಅವಳು ಅವನ ಮುಖವನ್ನೇ ನೋಡಿದಳು. "ಐವತ್ತನಾಲ್ಕಾಯ್ತಲ್ಲೋ ನಿನಗೆ."

"ಹೌದು. ಅದನ್ನ ಎಲ್ಲಿ ಬರೀಬೇಕು ತೋರಿಸು."

ಎರಡು ವಾರ ಕೂತು ಎದ್ದು ಬರುವುದು, ಅಷ್ಟೇ ಅವನ ಲೆಕ್ಕಾಚಾರ. ಎರಡನೇ ಎಣಿಕೆ ಮುಗಿದರೆ ಟ್ಯಾನ್ಸಿಯ ಪಾಠಕ್ಕೆ ಭಯವಿಲ್ಲ. ಮನೆಗೆ ಬಂದು ನಾಡೀನ್‌ಗೆ ಹೇಳಿದಾಗ ಅವಳು ಕೇಲಿನ್ ಕೋಣೆಯ ಬಾಗಿಲು ತೆಗೆದು ಹೊಸ ದಪ್ಪ ಅನಾಟಮಿ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟಳು.

ಸೋಮವಾರ ಆರಕ್ಕೆ ಅವನು ಹಿಂದಿನ ಸಾಲಿನಲ್ಲಿ ಕೂತ. ಕೆಲಸದ ಬಟ್ಟೆಯಲ್ಲೇ ಓಡಿ ಬಂದ ಟ್ಯಾನ್ಸಿ ಅವನನ್ನು ಕಂಡು ಬಾಗಿಲಲ್ಲೇ ನಿಂತಳು. ಆಮೇಲೆ ಬಂದು ಪಕ್ಕದಲ್ಲಿ ಕೂತು, "ಅಂಕಲ್," ಎಂದಳು. ನಿನ್ನ ಪಾತ್ರೆ ನಮ್ಮ ಮನೆಯಲ್ಲೇ ಉಳಿದಿದೆ, ನಾಳೆ ಮಕ್ಕಳ ಕೈಲಿ ಕಳಿಸುತ್ತೇನೆ ಎಂದ ವರ್ಲನ್.

ಪಾಠ ಮಾಡುವವರು ಐಡಾ ಬ್ರಶಿಯರ್, ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಹಾಜರಿ ಕೂಗುತ್ತ ಬಂದು, "ಸ್ಟ್ಯಾಂಪರ್," ಎಂದು ತಡವರಿಸಿದರು. ವರ್ಲನ್ "ಇದ್ದೀನಿ" ಎಂದ. ಅವರು ಗುರುತು ಹಾಕಿಕೊಂಡರು.

ಮೊದಲ ದಿನ ಪುಸ್ತಕ ಬೇಡ, ನಿಮ್ಮ ನಿಮ್ಮ ಮೈಯೇ ಸಾಕು ಎಂದು ಅವರು ಒಂದೊಂದೇ ಎಲುಬು ಮುಟ್ಟಿಸುತ್ತ ಹೋದರು. ದವಡೆ, ಭುಜದ ಎಲುಬು. ಆಮೇಲೆ ಎದೆಯ ನಡುವೆ ಅಂಗೈ ಇಟ್ಟುಕೊಂಡು, "ಇದು ಸ್ಟರ್ನಮ್. ಎಲ್ಲರೂ ಮುಟ್ಟಿ ನೋಡಿ," ಎಂದರು.

ಹನ್ನೆರಡು ಕೈ ಹನ್ನೆರಡು ಎದೆಯ ಮೇಲೆ ಹೋದವು. ವರ್ಲನ್‌ನ ಬೆರಳಿಗೆ ಅಂಗಿಯ ಕೆಳಗೆ ಗಟ್ಟಿಯಾದ ಚಪ್ಪಟೆ ಎಲುಬು ಸಿಕ್ಕಿತು. ಕೇಲಿನ್ ಕೂಸಾಗಿದ್ದಾಗ ಅವನು ಅವಳನ್ನು ಮಲಗಿಸಿಕೊಳ್ಳುತ್ತಿದ್ದದ್ದು ಅದರ ಮೇಲೆಯೇ. ಉಳಿದವರು ಕೈ ತೆಗೆದರೂ ಅವನು ತೆಗೆಯಲಿಲ್ಲ.

"ಮೇಡಂ," ಎಂದ. "ಇದು ಮುರಿದ್ರೆ ನೋವು ಗೊತ್ತಾಗುತ್ತಾ? ಅಥವಾ ಅಷ್ಟರೊಳಗೆ ಮುಗಿದಿರುತ್ತಾ?"

ಕೋಣೆಯಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು. ನೋವು ಗೊತ್ತಾಗಲ್ಲ ಎಂದು ಹೇಳಿ ಐಡಾ ಕೈ ತೊಳೆದುಕೊಳ್ಳಬಹುದಿತ್ತು. ಸುಳ್ಳು ಸಮಾಧಾನ ಹೇಳಿ ಹೇಳಿ ಅವರಿಗೆ ಸಾಕಾಗಿತ್ತೋ ಏನೋ.

"ಸ್ಟ್ಯಾಂಪರ್ ಅವ್ರೇ, ಅದಕ್ಕೆ ಎಲುಬಿನ ಪಾಠ ಸಾಲಲ್ಲ. ಹೃದಯ ಬೇಕು, ನರಗಳು ಬೇಕು. ಅದು ಒಂಬತ್ತನೇ ವಾರ ಬರುತ್ತೆ. ಅಲ್ಲೀವರೆಗೂ ಬನ್ನಿ. ಮಗಳ ಮರಣದ ಸರ್ಟಿಫಿಕೇಟು ತನ್ನಿ, ಇಬ್ರೂ ಕೂತು ಓದೋಣ."

ಅವನು ನೋಟ್‌ಬುಕ್ಕಿನಲ್ಲಿ ಒಂಬತ್ತನೇ ವಾರ ಎಂದು ಬರೆದುಕೊಂಡ.

ಮನೆಯಲ್ಲಿ ನಾಡೀನ್ ಊಟಕ್ಕೆ ಕಾದಿದ್ದಳು. ಮೇಜಿನ ಮೇಲೆ ಟ್ಯಾನ್ಸಿಯ ಪಾತ್ರೆ ತೊಳೆದಿಟ್ಟಿತ್ತು. ಏನು ಕಲಿಸಿದರು ಎಂದು ಕೇಳಿದಳು. ಅವನು ತನ್ನ ಎದೆ ಮುಟ್ಟಿ ತೋರಿಸಿದ. ತಾನು ಕೇಳಿದ ಪ್ರಶ್ನೆ ಹೇಳಿದ, ಒಂಬತ್ತನೇ ವಾರದ ಮಾತನ್ನೂ ಹೇಳಿದ.

ನಾಡೀನ್ ಕೈಯೂ ನಿಧಾನವಾಗಿ ಎದೆಯ ನಡುವಿಗೆ ಹೋಯಿತು.

"ಹಾಗಾದ್ರೆ ಒಂದು ದಿನಾನೂ ತಪ್ಪಿಸ್ಬೇಡ," ಎಂದಳು.