ಮೂವತ್ತೊಂದನೇ ಪುಟದ ಕುಂಬಳ ಹೂ

ನನ್ನ ಓರಗಿತ್ತಿಯನ್ನು ಬೈಯುವುದಕ್ಕೆ ನನಗೆ ಬಿಡುವು ಬೇಕಿಲ್ಲ. ಟೊಮೇಟೊಗೆ ಕೆಂಪು ಬಳಿಯುತ್ತಲೇ ಬೈಯಬಲ್ಲೆ. ಬೀಜದ ಪೊಟ್ಟಣಗಳ ಮೇಲೆ ಗಿಡ, ಹೂ, ಕಾಯಿಗಳ ಚಿತ್ರ ಬರೆಯುವುದು ಇಪ್ಪತ್ತು ವರ್ಷದಿಂದ ನನ್ನ ಕಸುಬು. ಅವಳದು ಹೆಡ್‌ಮಿಸ್ ಆಗಿ ನಿವೃತ್ತಿ ಹೊಂದಿದ ಮೇಲೂ ಕೂತಲ್ಲೆಲ್ಲ ಅಧ್ಯಕ್ಷೆಯಾಗುವ ಕಸುಬು.

ನಮ್ಮ ಬೀದಿಯ ನೀರಿನ ಟ್ಯಾಂಕಿನ ಹಿಂದೆ ಇಪ್ಪತ್ತೆರಡು ಮನೆಯವರು ಸೇರಿ ತೋಟ ಮಾಡುತ್ತೇವೆ. ಮನೆಗೊಂದು ಪಾತಿ. ಮೂರು ವರ್ಷದ ಹಿಂದೆ ತೋಟದವರೆಲ್ಲ ಫೋಟೋ ಕೊಟ್ಟು ಒಂದು ಪುಸ್ತಕ ಮಾಡಿದರು. ಅದಕ್ಕೆ ನಾನು ಹನ್ನೊಂದು ಚಿತ್ರ ಬರೆದುಕೊಟ್ಟೆ. ಅಚ್ಚಾಗಿ ಬಂದಾಗ ಮೊದಲ ಪುಟದಲ್ಲಿ 'ಸಂಪಾದನೆ ಮತ್ತು ಚಿತ್ರಗಳು' ಎಂದು ಓರಗಿತ್ತಿಯ ಹೆಸರಿತ್ತು. ನನ್ನದು ಎಲ್ಲೂ ಇಲ್ಲ, ಸಹಾಯ ಮಾಡಿದವರ ಪಟ್ಟಿಯಲ್ಲೂ ಇಲ್ಲ. ಆ ಪಟ್ಟಿಯಲ್ಲಿ ನೀರಿನ ಪೈಪು ರಿಪೇರಿ ಮಾಡಿದವನಿದ್ದ.

"ಮನೆ ಹೆಸರು ಒಂದೇ ತಾನೆ, ಯಾರದ್ದು ಹಾಕಿದ್ರೇನೇ?" ಅಂದಳು.

ಒಂದೇ ಅಂದಮೇಲೆ ನನ್ನದನ್ನೇ ಹಾಕಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ. ಆವತ್ತಿನಿಂದ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಈ ವರ್ಷ ಎರಡನೇ ಪುಸ್ತಕ. ಮತ್ತೆ ಬಂದಳು, ನಾಚಿಕೆಯಿಲ್ಲದೆ.

"ಇನ್ನೊಂದು ಹತ್ತು ಚಿತ್ರ ಬರ್ಕೊಡೇ. ಮೂಲೆಯಲ್ಲಿ ಸಹಿಗಿಹಿ ಹಾಕ್ಬೇಡ, ಅಚ್ಚಲ್ಲಿ ಗಲೀಜಾಗತ್ತೆ."

"ಆಗ್ಲಿ ಅಕ್ಕ," ಅಂದೆ. ಅಷ್ಟು ಮೆತ್ತಗೆ ನಾನು ಮಾತಾಡಿದರೆ ನನ್ನ ಗಂಡನಾದರೂ ಹೆದರುತ್ತಿದ್ದರು. ಅವಳು ಹೆದರಲಿಲ್ಲ.

ನಮ್ಮ ಕಡೆ ಜೇನುಹುಳ ಕಡಿಮೆ. ಆದ್ದರಿಂದ ಕುಂಬಳದ ಗಂಡು ಹೂವನ್ನು ಬೆಳಿಗ್ಗೆ ಕಿತ್ತು, ಹೆಣ್ಣು ಹೂವಿಗೆ ಕೈಯಾರೆ ತಾಗಿಸಬೇಕು. ಗಂಡಿಗೆ ಬರಿಯ ತೊಟ್ಟು, ಹೆಣ್ಣಿನ ಬುಡದಲ್ಲಿ ಗೋಲಿಯಷ್ಟು ಕಾಯಿ. ಪಾತಿ ಮಾಡಿದವರಿಗೆಲ್ಲ ಗೊತ್ತು. ನನ್ನ ಓರಗಿತ್ತಿಗೆ ಗೊತ್ತಿಲ್ಲ, ಅವಳು ಪಾತಿಗೆ ಇಳಿಯುವುದು ಫೋಟೋಗೆ ಮಾತ್ರ. ಈ ಕೆಲಸ ತೋರಿಸುವ ಮೂವತ್ತೊಂದನೇ ಪುಟದ ಚಿತ್ರದಲ್ಲಿ ನಾನು 'ಕೀಳುವ ಹೂ' ಎಂದು ಬರೆದ ಕಡೆ ಪುಟ್ಟ ಕಾಯಿಯಿರುವ ಹೂವನ್ನು ಬರೆದೆ, 'ಬಿಡುವ ಹೂ' ಎಂಬ ಕಡೆ ಬರಿ ತೊಟ್ಟಿನದನ್ನು. ರೋಮ ರೋಮ ಕಾಣುವ ಹಾಗೆ, ಅಷ್ಟು ಚೆಂದವಾಗಿ ಸುಳ್ಳನ್ನು ನಾನು ಯಾವತ್ತೂ ಬರೆದಿರಲಿಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಬಿಡುಗಡೆಯ ದಿನ ಹಳಬರು ಪುಟ ತಿರುವುತ್ತಾರೆ, ಬಿದ್ದು ಬಿದ್ದು ನಗುತ್ತಾರೆ, ಈ ಸಲವೂ 'ಚಿತ್ರಗಳು' ಎಂದು ಹೆಸರು ಹಾಕಿಕೊಂಡವಳ ಮುಖ ಸುಟ್ಟ ಬದನೆಕಾಯಿಯಾಗುತ್ತದೆ. ತಪ್ಪಾದ ಪುಟ ಹರಿದು ಹಾಕಿದರೆ ಯಾರಿಗೂ ನಷ್ಟವಿಲ್ಲ.

ಯಾರೂ ನಗಲಿಲ್ಲ. ಇಪ್ಪತ್ತೆರಡು ಮನೆಯವರೂ ಪುಸ್ತಕ ಕೈಗೆ ಬಂದಕೂಡಲೇ ಹುಡುಕಿದ್ದು ತಾವು ಕೊಟ್ಟ ಫೋಟೋವನ್ನು. ಸಿಕ್ಕಿದವರು ಪಕ್ಕದವರಿಗೆ ತೋರಿಸಿದರು. ದರ್ಜಿ ತನ್ನ ಮೂಲಂಗಿ ಚಿಕ್ಕದಾಗಿ ಬಂದಿದೆ ಎಂದು ಜಗಳ ತೆಗೆದ. ಮೂವತ್ತೊಂದನೇ ಪುಟ ಮುಚ್ಚಿಕೊಂಡೇ ಎಲ್ಲರ ಮನೆ ಸೇರಿತು. ಆಗ ಬಾಯಿ ಬಿಡಬಹುದಿತ್ತು. ನಗು ಇಂದಲ್ಲ ನಾಳೆ ಬಂದೇ ಬರುತ್ತದೆ ಎಂದು ನಾನು ಹಲ್ಲು ಕಚ್ಚಿ ಕಾದೆ.

ಒಂದೂವರೆ ತಿಂಗಳಾಯಿತು. ಈ ವರ್ಷ ಹೊಸದಾಗಿ ಸೇರಿದ ಏಳು ಪಾತಿಗಳಲ್ಲಿ ಬಳ್ಳಿ ಹಬ್ಬಿದ್ದೇ ಹಬ್ಬಿದ್ದು, ಒಂದು ಕಾಯಿಯಿಲ್ಲ. ಭಾನುವಾರ ಬೆಳಿಗ್ಗೆ ಟ್ಯಾಂಕಿನ ನೆರಳಲ್ಲಿ ಎಲ್ಲರೂ ಸೇರಿದರು. ಪೋಸ್ಟ್ ಆಫೀಸಿನ ಹುಡುಗಿ ಪುಸ್ತಕ ಬಿಚ್ಚಿ ಓರಗಿತ್ತಿಯ ಮೂಗಿನ ಹತ್ತಿರ ಹಿಡಿದಳು.

"ಮೇಡಂ, ನೀವು ಬರ್ದಿದ್ದು ನೋಡ್ಕೊಂಡೇ ದಿನಾ ಕಿತ್ತಿದ್ದು ನಾವು. ಇದು ಕಾಯಿ ಆಗೋ ಹೂವಂತೆ!"

ಓರಗಿತ್ತಿ ಪುಟ ನೋಡಿದಳು, ನನ್ನನ್ನು ನೋಡಿದಳು. ದಡ್ಡಿಯಲ್ಲ, ಅರ್ಥವಾಯಿತು.

"ಅಯ್ಯೋ, ಚಿತ್ರ ನಾನು ಬರ್ದಿದ್ದಲ್ಲ ಕಣ್ರೀ. ಎರಡು ಪುಸ್ತಕದ್ದೂ ಎಲ್ಲಾ ಇವಳದ್ದೇ."

ಮೂರು ವರ್ಷ ಯಾವ ಮಾತಿಗೆ ಬಾಯಿ ಬಿಟ್ಟುಕೊಂಡು ಕಾದಿದ್ದೆನೋ ಅದು ಎಲ್ಲರ ಎದುರಿಗೆ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನಲ್ಲ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: ನನ್ನದಾ, ಅಕ್ಕ? ಪುಸ್ತಕದಲ್ಲಿ ನಿಮ್ಮ ಹೆಸರಿದೆಯಲ್ಲ. ಅಷ್ಟು ಅಂದಿದ್ದರೆ ಅವಳ ಕಥೆ ಮುಗಿದಿತ್ತು. ಆ ರುಚಿ ನನಗೆ ಇವತ್ತಿಗೂ ಬೇಕು ಅನ್ನಿಸುತ್ತದೆ.

ಅಷ್ಟರಲ್ಲಿ ಹಿಂದಿನಿಂದ ನಮ್ಮಿಬ್ಬರ ಮಾವ ಮುಂದೆ ಬಂದರು. ಎಪ್ಪತ್ತೆಂಟು ವರ್ಷ; ಹಳೇ ಮನೆಯಲ್ಲಿ ಒಬ್ಬರೇ, ಪಾತಿಯೂ ಬೇರೆ. ಪುಸ್ತಕವನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಭೂತಗನ್ನಡಿ ಹಿಡಿದು ಓದಿದವರು ತೋಟದಲ್ಲಿ ಅವರೊಬ್ಬರೇ.

"ಅವಳದ್ದೇ ಅಂತ ನಂಗೆ ಮೊದಲ ಪುಸ್ತಕದಲ್ಲೇ ಗೊತ್ತಿತ್ತು," ಅಂದರು. "ಆ ಗೆರೆ ಬೇರೆ ಯಾರಿಗೂ ಬರಲ್ಲ. ಅದಕ್ಕೇ ನಾನೂ ನಂಬಿ ಕಿತ್ತೆ."

"ಮಾವ, ನಿಮಗೆ ಗೊತ್ತಿಲ್ವಾ? ಇಷ್ಟು ವರ್ಷದಿಂದ ಕುಂಬಳ ಬೆಳೀತಿದ್ದೀರಿ," ಅಂದೆ.

"ಗೊತ್ತಿತ್ತಮ್ಮ. ಆದ್ರೆ ನೀನು ತಪ್ಪು ಬರೆಯೋವಳಲ್ವಲ್ಲ. ನಾನು ಕಲಿತಿದ್ದೇ ತಪ್ಪೇನೋ, ವಯಸ್ಸಾಯ್ತು ಅನ್ಕೊಂಡೆ."

ಅವರ ಪಾತಿಯ ಕಡೆ ನೋಡಿದೆ. ತೀರಿಹೋದ ಅತ್ತೆ ಎತ್ತಿಟ್ಟಿದ್ದ ಕೊನೆಯ ಬೀಜದ ಬಳ್ಳಿ ಅದು. ಬಳ್ಳಿಯ ಉದ್ದಕ್ಕೂ ಕಿತ್ತ ಗುರುತುಗಳು ಒಣಗಿದ್ದವು.

"ಹೌದು, ನಂದೇ," ಅಂದೆ. "ಬೇಕಂತಲೇ ತಪ್ಪು ಬರ್ದೆ."

ಓರಗಿತ್ತಿ ಚೀಲದಿಂದ ಪೆನ್ನು ತೆಗೆದು ನನ್ನ ಕೈಗಿಟ್ಟಳು.

"ಒಂದೊಂದು ಪುಸ್ತಕದಲ್ಲೂ ತಿದ್ದಿಕೊಡು. ಸಹಿ ಹಾಕೋದು ಮರೀಬೇಡ."

ಮಾವನ ಪುಸ್ತಕ ಮೊದಲು ತಿದ್ದಿದೆ. ಅದರಲ್ಲಿ ಮಾತ್ರ ಸಹಿ ಹಾಕಲು ಕೈ ಬರಲಿಲ್ಲ.