ಅಂಗೈಯಲ್ಲಿ ಹರ್ಗಾನ ಮುಳ್ಳು

ಹಳದಿ, ಎಲ್ಲಿ ನೋಡಿದರೂ ಹಳದಿ, ಹರ್ಗಾನ ಪೊದೆಗಳು ಹೂಬಿಟ್ಟಿವೆ, ಮೂರು ತಿಂಗಳಿಂದ ಒಂದು ಹನಿ ಬಿದ್ದಿಲ್ಲ, ಗೋಬಿ ಮರುಭೂಮಿಯ ನೆಲ ಕಾವಲಿಯ ಹಾಗೆ ಕಾದಿದೆ, ಆದರೂ ಈ ನಾಚಿಕೆಗೆಟ್ಟ ಗಿಡ ಮುಳ್ಳಿನ ಸಂದಿಗೊಂದು ಹೂ ಸಿಕ್ಕಿಸಿಕೊಂಡು ನಿಂತಿದೆ, ಯೊಂಡೋನ್ ಕೈಲಿದ್ದ ಕಬ್ಬಿಣದ ಗೂಟದಿಂದ ಬಾರಿಸಿದ, ಹೂ ಉದುರಿತು, ಮುಳ್ಳು ಉದುರಲಿಲ್ಲ — ಮುಳ್ಳು ಎಲ್ಲಿ ಉದುರುತ್ತದೆ, ಅಪ್ಪನ ಅಂಗೈಯಿಂದಲೂ ಉದುರಿರಲಿಲ್ಲ. ಒಂಟೆ ಕಟ್ಟುವ ಗೂಟ ಇದು, ನೆರೆಬೀಡಿನ ಬಾಲ್ಜಿರನ ತಲೆಗೆ ಒಂದೇ ಏಟು ಸಾಕು, ಬೇಡ, ಮೊದಲು ಮೊಣಕಾಲು, ಆಮೇಲೆ ಹಲ್ಲು, ತಲೆ ಕೊನೆಗೆ, ನಮ್ಮ ಚಳಿಗಾಲದ ಬೀಡಿನ ಹಿಂದಿದ್ದ ಪೊದೆಗಳನ್ನು ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಕಿತ್ತನಲ್ಲ, ಹಾಗೆ, ಬುಡಸಮೇತ. ಕೀಳಬೇಡಪ್ಪಾ ಬಾಲ್ಜಿರ್, ಗಾಳಿ ಎದ್ರೆ ಆಡುಗಳಿಗೆ ಅದೇ ಗೋಡೆ ಅಂದಿದ್ದ ಅಪ್ಪ, ಅದಕ್ಕವನು ಹಲ್ಲು ಬಿಟ್ಟು, ಅಯ್ಯೋ ಯಜಮಾನ್ರೇ, ಮುಳ್ಳಿಗೂ ವಾರಸುದಾರರು ಇರ್ತಾರಾ, ನನ್ ಒಲೆಗೆ ಸೌದೆ ಬೇಡ್ವಾ. ವಸಂತದಲ್ಲಿ ಧೂಳುಗಾಳಿ ಎದ್ದಾಗ ಗೋಡೆ ಇರಲಿಲ್ಲ, ಆಡುಗಳು ಗಾಳಿಗೆ ಬೆನ್ನು ಕೊಟ್ಟು ನಡೆದವು, ನಡೆದೇ ನಡೆದವು, ತಡೆದು ನಿಲ್ಲಿಸಲು ಪೊದೆಯೇ ಇಲ್ಲ, ಒಂದೂ ತಿರುಗಿ ಬರಲಿಲ್ಲ, ಅವುಗಳ ಹಿಂದೆ ಹೋದ ಅಪ್ಪ ಮೂರನೆಯ ದಿನ ಹೆಣವಾಗಿ ಸಿಕ್ಕಿದ, ಚಳಿಗೆ ಮರಗಟ್ಟಿ, ಎಲ್ಲೋ ದೂರದ ಒಂಟಿ ಹರ್ಗಾನವನ್ನು ಬಿಗಿಯಾಗಿ ಹಿಡಿದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ಯೊಂಡೋನನೇ, ಅಂಗೈಯ ನಡುವೆ ಮುಳ್ಳು, ರಕ್ತ ಇಲ್ಲ, ಬರೀ ಮುಳ್ಳು.

ನಾಯಿ — ಬಾಲ್ಜಿರನ ಕರಿನಾಯಿ ಹಲ್ಲು ಕಿರಿದು ನುಗ್ಗುತ್ತಿದೆ, ಯೊಂಡೋನನ ಬಾಯಿ ತಾನಾಗಿ ಕೂಗಿತು, ನಾಯಿ ಹಿಡ್ಕೊಳ್ರೋ, ಥೂ, ಕೊಲ್ಲಲು ಬಂದವನು ನೆಂಟನ ಹಾಗೆ ಕೂಗುವುದೇ, ಐದನೇ ಕ್ಲಾಸಿಗೇ ಶಾಲೆ ಬಿಡಿಸಿ ಒಂಟೆಗಳ ಹಿಂದೆ ಅಟ್ಟಿದ ಅಪ್ಪ ಕಲಿಸಿದ್ದು ಇಷ್ಟೇ, ನಾಯಿ ಹಿಡಿ ಅಂತ ಕೂಗು, ಹೊಸ್ತಿಲು ತುಳೀಬೇಡ, ಯಾರ ಕಾಲು ತುಳಿದ್ರೂ ತಕ್ಷಣ ಬಲಗೈ ಕೊಡು, ಕೊಡದಿದ್ರೆ ಹಗೆ ಹುಟ್ಟುತ್ತೆ ಮಗಾ. ಹುಟ್ಟಲಿ, ಹುಟ್ಟಿ ಮೂರು ತಿಂಗಳಾಯಿತು. ಒಳಗಿನಿಂದ ಬಾಲ್ಜಿರ್ ಗದರಿದ, ನಾಯಿ ಹಿಂದೆ ಸರಿಯಿತು. ಗುಡಾರದ ಬಾಗಿಲಲ್ಲಿ ಹೊಸದಾಗಿ ಕಿತ್ತ ಹರ್ಗಾನದ ರಾಶಿ, ಬೇರಿಗಿನ್ನೂ ಮಣ್ಣು, ಕೊಂಬೆಗಿನ್ನೂ ಹೂ, ಒಳಗೆ ಒಲೆಯ ಮುಂದೆ ಬಾಲ್ಜಿರ್, ಬಾರೋ ತಮ್ಮಾ, ಆಡುಗಳು ಮೈ ತುಂಬ್ಕೊಂಡ್ವಾ — ಹೊಸ್ತಿಲು ದಾಟಿದ ಯಾರನ್ನಾದರೂ ಕೇಳುವ ಮಾತು, ಕೇಳಿದ ಮೇಲೆ ಅವನ ಮುಖ ಸುಟ್ಟಂತಾಯಿತು, ಬಾಯ್ತಪ್ಪಿ ಬಂತು ಕಣೋ, ಕೂತ್ಕೋ, ಚಹಾ — ಯೊಂಡೋನ್ ಗೂಟ ಬೀಸಿದ, ಕೆಟಲ್ ಹಾರಿ ಹಾಲುಚಹಾ ಗೋಡೆಯ ಕಂಬಳಿಗೆ ರಾಚಿತು, ಎರಡನೆಯ ಏಟು ಎಡಭುಜಕ್ಕೆ, ಒಣಕೊಂಬೆ ಮುರಿದ ಸದ್ದು, ಆಹಾ, ಇನ್ನೊಮ್ಮೆ, ಗಾಳಿಗೆ ನಿಮ್ಮಪ್ಪ ಹೋಗ್ತಾನೆ ಅಂತ ನಂಗೇನ್ ಗೊತ್ತಿತ್ತೋ ಅಂತ ಅವನು ಕಿರುಚುತ್ತಿದ್ದಾನೆ, ಯೊಂಡೋನ್ ಹಣೆಯಿಂದ ಅವನ ಮೂಗಿಗೆ ಗುದ್ದಿದ, ಬೆಚ್ಚಗೆ ರಕ್ತ ತುಟಿಗೆ ಹತ್ತಿತು, ಯಾರದೋ, ಈಗ ತಲೆ, ಗೂಟ ಮೇಲೆತ್ತಿ ಒಂದು ಹೆಜ್ಜೆ ಮುಂದಿಟ್ಟ, ಬೂಟಿನ ಕೆಳಗೆ ಮೆತ್ತಗೆ ಏನೋ, ಕಾಲು, ಬಾಲ್ಜಿರನ ಕಾಲು.

ಬೆರಳು ಬಿಚ್ಚಿದವು. ಗೂಟ ನೆಲಕ್ಕೆ ಬಿತ್ತು, ಬಲಗೈ ಮುಂದೆ ಹೋಯಿತು, ಬೇಡ, ವಾಪಸ್ ಬಾ ಹಡಬೆ, ಆದರೆ ಕೈ ಅಪ್ಪನದು, ಅಪ್ಪನ ಮಾತನ್ನೇ ಕೇಳುತ್ತದೆ, ಎದುರಿಗೆ ಮೂಗಿಂದ ರಕ್ತ ಸೋರುತ್ತಾ, ಎಡತೋಳು ಜೋತುಬಿದ್ದ ಆ ಬೋಳಿಮಗನೂ ತನ್ನ ಬಲಗೈ ಚಾಚಿದ್ದಾನೆ, ಪರವಾಗಿಲ್ಲ ತಮ್ಮಾ, ಅನ್ನುತ್ತಿದ್ದಾನೆ, ಅವನಿಗೂ ಯಾರೋ ಅಪ್ಪ ಕಲಿಸಿದ್ದು, ಅಂಗೈಗೆ ಅಂಗೈ ಕೂಡಿತು, ಏನೋ ಚುಚ್ಚಿತು, ಬೆಳಿಗ್ಗೆ ಹರ್ಗಾನ ಕೀಳುವಾಗ ಮುರಿದು ಅವನ ಅಂಗೈಯಲ್ಲೇ ಉಳಿದದ್ದು, ಯೊಂಡೋನ್ ಬಿಡಲಿಲ್ಲ, ಒತ್ತಿದ, ಇನ್ನೂ ಒತ್ತಿದ, ಬಾಲ್ಜಿರ್ ಕೂಗಿಕೊಂಡ, ಇಬ್ಬರ ಅಂಗೈಗೂ ಇಳಿಯಲಿ, ಈ ಸಲ ರಕ್ತ ಇದೆ, ಬೆರಳು ಬಿಡಿಸಲು ಯಾರೂ ಇಲ್ಲ, ರಕ್ತ, ನಡುವೆ ಮುಳ್ಳು, ಮುಳ್ಳು