ನಾಳೆ ತನಕ

ಲಿಫ್ಟಿನ ಜಾಲರಿ ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದ ಪಾಲಪ್ಪನಿಗೆ, ಕಾರಿನಿಂದ ಇಳಿದವರು ಯಾರೆಂದು ತಿರುಗಿ ನೋಡುವ ಮೊದಲೇ ತಿಳಿಯಿತು. ಊರುಗೋಲಿನ ಸದ್ದು ಅವನಿಗೆ ಗೊತ್ತಿತ್ತು.

"ಏನೋ ಪಾಲಪ್ಪಾ, ಆರಾಮಿದ್ದೀಯಾ?"

ಇಂದಿರಾಬಾಯಿ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ತುಂಗಾ ಮಹಲ್ ಹೋಟೆಲಿಗೆ ಬಂದವರು. ಗಂಡ ಹೋದ ಮೇಲೂ ದಸರೆಗೆ ಬರುವುದನ್ನು ಬಿಟ್ಟಿರಲಿಲ್ಲ. ಉಳಿಯುವುದು ಮೂರನೇ ಮಹಡಿಯ ಅದೇ ಮೂಲೆ ಕೋಣೆ. ಕೆಳಗೆ ಒಳ್ಳೆಯ ಕೋಣೆ ಇದೆ ಎಂದರೆ, "ಅಲ್ಲಿಂದ ಗುಡ್ಡ ಕಾಣಸ್ತದೇನು?" ಎಂದು ಕೇಳುವ ಹೆಂಗಸು. ಮೊಣಕಾಲು ಮಾತ್ರ ಈಗ ಎರಡು ಮೆಟ್ಟಿಲನ್ನೂ ಒಪ್ಪುತ್ತಿರಲಿಲ್ಲ.

"ಇವತ್ತು ಲಿಫ್ಟ್ ನಡಿಯಂಗಿಲ್ರಿ ಅಮ್ಮಾರ," ಎಂದ ಪಾಲಪ್ಪ, ಮಾಲೆಯ ಗಂಟನ್ನೇ ನೋಡುತ್ತ. "ಆಯುಧ ಪೂಜೆಗೆ ಇಟ್ಟೀವ್ರಿ. ನಾಳೆ ತನಕ ಮುಟ್ಟಂಗಿಲ್ಲ."

ಅದು ಸುಳ್ಳು. ಪೂಜೆ ಮಾಡಿದ ಯಂತ್ರವನ್ನು ಮರುದಿನದವರೆಗೆ ಮುಟ್ಟದಿರುವ ರೂಢಿ ಏನೋ ನಿಜ. ಆದರೆ ಲಿಫ್ಟ್ ನಿಂತದ್ದು ಅದಕ್ಕಲ್ಲ. ಹಿಂದಿನ ರಾತ್ರಿ ಪಾಲಪ್ಪ ಗ್ರೀಸ್ ಹಚ್ಚಲು ಹತ್ತಿದಾಗ ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗದ ಎಳೆಗಳು ಕಿತ್ತು ಮುಳ್ಳಿನಂತೆ ಎದ್ದಿದ್ದವು. ಎರಡು ಹಗ್ಗದಲ್ಲಿ ಒಂದು ಅರ್ಧ ಹೋಗಿತ್ತು, ಇನ್ನೊಂದನ್ನು ನಂಬುವಂತಿರಲಿಲ್ಲ. ಅವನು ನೆಟ್ಟಗೆ ಮಾಲೀಕ ಶ್ರೀಪತಿರಾಯರ ಹತ್ತಿರ ಹೋದ.

ಡ್ಯಾಮು ಕಟ್ಟುವ ಕಾಲದಲ್ಲಿ ಬರುತ್ತಿದ್ದ ದೊಡ್ಡ ಇಂಜಿನಿಯರುಗಳಿಗೆಂದು ರಾಯರ ತಂದೆ ಕಟ್ಟಿಸಿದ ಹೋಟೆಲು ಅದು. ತೇಗದ ಆ ಲಿಫ್ಟೆಂದರೆ ರಾಯರಿಗೆ ತಂದೆಯೇ ನಿಂತ ಹಾಗೆ. "ದಸರಾಕ್ಕ ಎಲ್ಲಾ ಕೋಣೆ ತುಂಬ್ಯಾವ. ಬಾಯಿ ಬಿಡಬ್ಯಾಡ," ಎಂದಿದ್ದರು. "ಹಬ್ಬ ಮುಗಿದ ಮ್ಯಾಲೆ ಮಿಸ್ತ್ರಿ ಬರ್ತಾನ. ಯಾರು ಕೇಳಿದ್ರೂ ಪೂಜಾ ಅನ್ನು. ಪ್ರಭಂಜನಗಂತೂ ಗೊತ್ತಾಗಕೂಡದು."

ಮಗ ಪ್ರಭಂಜನ ಹೋಟೆಲು ನಡೆಸುವುದನ್ನು ಓದಿಕೊಂಡು ಬಂದವನು. ಇನ್ನೊಂದು ಸಲ ಕೆಟ್ಟರೆ ಈ ಮರದ ಪೆಟ್ಟಿಗೆ ಕಿತ್ತು ಸ್ಟೀಲಿನ ಹೊಸ ಲಿಫ್ಟ್ ಹಾಕಿಸುತ್ತೇನೆ ಎಂದು ಹೇಳಿಯಾಗಿತ್ತು. ಬಾಗಿಲು ತಾನೇ ತೆರೆದು ಮುಚ್ಚುವ ಲಿಫ್ಟಿಗೆ ಜಾಲರಿ ಎಳೆಯುವ ಪಾಲಪ್ಪ ಯಾಕೆ ಬೇಕು? ಮೂವತ್ತೆರಡು ವರ್ಷ ಉಪ್ಪು ತಿಂದ ಮನೆ, ಮೇಲೆ ಹೊಟ್ಟೆಯ ಪಾಡು. ಪಾಲಪ್ಪ ಮಾತು ಕೊಟ್ಟ. ಆದರೂ ಜೀವ ತಡೆಯದೆ ಟೆರೇಸಿನ ಮೇಲಿನ ಮೆಷಿನ್ ರೂಮಿಗೆ ಹೋಗಿ, ಲಿಫ್ಟಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದ.

"ಆತು ಬಿಡು," ಇಂದಿರಾಬಾಯಿ ನಕ್ಕರು. "ಅದಕ್ಕೂ ವಯಸ್ಸಾತು. ಒಂದಿನ ರಜಾ ಬ್ಯಾಡೇನು?"

ಇಬ್ಬರು ಆಳುಗಳು ಅವರನ್ನು ಬೆತ್ತದ ಕುರ್ಚಿಯಲ್ಲಿ ಹೊತ್ತು ಮೇಲೇರಿಸಿದರು. ತಿರುವಿನಲ್ಲಿ ಕುರ್ಚಿ ವಾಲಿದಾಗ ಮುದುಕಿ ಕಣ್ಣು ಮುಚ್ಚಿ ವಿರೂಪಾಕ್ಷನನ್ನು ಕರೆದರು. ಹಿಂದೆಯೇ ಬರುತ್ತಿದ್ದ ಪ್ರಭಂಜನನ ಮುಖ ನಾಚಿಕೆಯಿಂದ ಕೆಂಪಾಯಿತು.

"ನಾಳೆ ಬೆಳಿಗ್ಗೆ ನಾನಽ ಖುದ್ದು ಲಿಫ್ಟಿನಾಗ ಇಳಿಸ್ತೀನಿ ಅಜ್ಜಿ. ಹೌದಲ್ಲೋ ಪಾಲಪ್ಪಾ?"

ಪಾಲಪ್ಪನ ಬಾಯಲ್ಲಿ ಬಿಸಿ ತುಪ್ಪ. "ಹೂಂರಿ," ಎಂದ.

ಸುಳ್ಳಿಗೂ ಒಂದು ವಾಯಿದೆ ಇರುತ್ತದೆ. ಇದರ ವಾಯಿದೆ ಬೆಳಗಾದರೆ ಮುಗಿಯುತ್ತಿತ್ತು. ರಾಯರಿಗೆ ಹೇಳಿದರೆ, "ಫ್ಯೂಸ್ ನಿನ್ನ ಕಡೆನೇ ಐತಲ್ಲ, ಯಾತಕ್ಕ ಅಂಜತಿ? ಜಲ್ದಿ ಬಂದು ಕರೆಂಟಿಲ್ಲ ಅನ್ನು. ಕುರ್ಚಿ ಮ್ಯಾಲೇ ಇಳಿಸೋಣ," ಎಂದರು.

ಆ ಸಂಜೆ ಮೆಟ್ಟಿಲ ಬುಡದಲ್ಲಿದ್ದ ದೇವಿಯ ಪಟದ ಮುಂದೆ ದೊಡ್ಡ ಹಿತ್ತಾಳೆ ತಟ್ಟೆಯಲ್ಲಿ ಬೋಲ್ಟು ಬಿಚ್ಚುವ ಪಾನಾ, ಸ್ಕ್ರೂಡ್ರೈವರು, ಅಡುಗೆಮನೆಯ ಚಾಕುಗಳು, ಎಲ್ಲವನ್ನೂ ಜೋಡಿಸಿದರು. ಮಂಗಳಾರತಿಯ ಹೊತ್ತಿಗೆ ಪಾಲಪ್ಪನ ಕೈ ಜೇಬಿಗೆ ಹೋಯಿತು. ಲಿಫ್ಟಿನ ಜೀವವೇ ಅಲ್ಲಿತ್ತು. ಎಲ್ಲರನ್ನೂ ಪಂಕ್ತಿಗೆ ಕೂರಿಸಿ ಮನೆಮಗನನ್ನೇ ಬಾಗಿಲಲ್ಲಿ ನಿಲ್ಲಿಸಿದ ಹಾಗೆ ಅನ್ನಿಸಿತು ಅವನಿಗೆ. ಬಿಳಿ ಪಿಂಗಾಣಿಯ ಫ್ಯೂಸನ್ನು ಪಾನಾಗಳ ನಡುವೆ ಇಟ್ಟು ಕೈಮುಗಿದ. ಅದರ ಮೇಲೂ ಕುಂಕುಮ, ಅಕ್ಷತೆ ಬಿತ್ತು. ಪೂಜೆಗಿಟ್ಟದ್ದನ್ನು ಅಂದೇ ತೆಗೆಯುವ ಹಾಗಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ತೆಗೆದರಾಯಿತು ಎಂದುಕೊಂಡ.

ಮರುದಿನ ತನ್ನೂರು ಮಲಪನಗುಡಿಯಿಂದ ಸೈಕಲ್ಲು ಹತ್ತಿದಾಗ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಊರೆಲ್ಲ ಬನ್ನಿ ಕೊಡುವುದು ಸಂಜೆ. ಆದರೆ ಇಂದಿರಾಬಾಯಿ ಮಧ್ಯಾಹ್ನದ ರೈಲಿಗೆ ಹೋಗುವವರು. ಪ್ರತಿ ವರ್ಷ ಅವರಿಗೆ ಮೊದಲ ಬನ್ನಿ ಪಾಲಪ್ಪನದೇ. ದಾರಿಯ ಬನ್ನಿ ಗಿಡಕ್ಕೆ ಕೈಗೆಟುಕುವ ಎಲೆ ಉಳಿದಿರಲಿಲ್ಲ. ಬದು ದಾಟಿ ಇನ್ನೊಂದು ಗಿಡ ಹುಡುಕಿದ. ಮುಳ್ಳು ತರಚಿತು. ಹೊತ್ತಾಯಿತು.

ಹೋಟೆಲಿಗೆ ಬಂದಾಗ ಒಳಮನೆಯಲ್ಲಿ ರಾಯರ ಪೂಜೆಯ ಗಂಟೆ ಕೇಳಿಸುತ್ತಿತ್ತು. ಲಿಫ್ಟಿನ ಮಾಲೆಯನ್ನು ಬಿಚ್ಚಿ, ಮರ್ಯಾದೆಯಿಂದ ಮಡಚಿ, ಪಾಲಪ್ಪನ ಸ್ಟೂಲಿನ ಮೇಲೆ ಇಟ್ಟಿದ್ದರು. ಜಾಲರಿಯ ಆಚೆ ಲಿಫ್ಟ್ ಇರಲಿಲ್ಲ. ಬರೀ ಕತ್ತಲೆ ಬಾವಿ.

"ಬಾ ಪಾಲಪ್ಪಣ್ಣ," ಕೌಂಟರಿನ ರೇಣುಕಾದೇವಿ ಹಲ್ಲು ಕಿರಿದಳು. "ಫ್ಯೂಸ್ ಪೂಜಿಗಿಟ್ಟು ಮರ್ತಽ ಹೋಗಿದ್ದಿ ನೋಡು. ಸಣ್ಣ ರಾಯರು ಭಾಳ ಶಾಣ್ಯಾ. ತಾವಽ ಟೆರೇಸಿಗೆ ಹೋಗಿ ಹಾಕಿದ್ರು. ಲಿಫ್ಟ್ ಮ್ಯಾಲೆ ಕರಿಸ್ಕೊಂಡಾರ, ಅಮ್ಮಾರನ್ನ ಕರ್ಕೊಂಡು ಇಳೀತಾರಂತ."

"ಹತ್ತಬ್ಯಾಡ್ರಿ!" ಪಾಲಪ್ಪ ಜಾಲರಿಗೆ ಮುಖ ಒತ್ತಿ ಕೂಗಿದ. "ಸಣ್ಣ ರಾಯರಽ, ಹಗ್ಗ ಹೋಗೇತ್ರಿ! ಹತ್ತಬ್ಯಾಡ್ರೀ!"

ಕೂಗು ಬಾವಿಯೊಳಗೆ ಸುತ್ತಿ ಸುತ್ತಿ ಬರೀ ಸದ್ದಾಗಿ ಮೇಲೇರಿತು. ಮೂರನೇ ಮಹಡಿಯಲ್ಲಿ ಜಾಲರಿ ಎಳೆದುಕೊಂಡು ಖಣ್ಣೆಂದು ಕೂಡಿತು.

"ಪಾಲಪ್ಪ ಕೂಗಾಕತ್ತಾನ ನೋಡು. ಬನ್ನಿ ತಂದಿರಬೇಕು," ಮುದುಕಿಯ ದನಿ ಸಂತೋಷದಿಂದ ಇಳಿದು ಬಂತು. "ಅಲ್ಲೇ ನಿಲ್ಲೋ, ಬಂದೆ!"

ಮೇಲೆ ಮೋಟಾರು ಗುರ್ ಎಂದಿತು. ಫ್ಯೂಸ್ ಕೀಳಲು ಪಾಲಪ್ಪ ಮೆಟ್ಟಿಲಿನತ್ತ ಓಡಿದ. ಕೈಯಿಂದ ಉದುರಿದ ಬನ್ನಿ ಎಲೆಗಳು ಪಟದ ಮುಂದೆಲ್ಲ ಚೆಲ್ಲಿದವು. ತಟ್ಟೆಯಲ್ಲಿ ಪಾನಾಗಳ ನಡುವೆ, ಸುತ್ತಲೂ ಕುಂಕುಮ ಅಕ್ಷತೆ ಇದ್ದಂತೆಯೇ ಇದ್ದು, ಎರಡು ಬೆರಳಗಲದ ಜಾಗ ಮಾತ್ರ ಬರಿದಾಗಿತ್ತು.